ಯಹೂದಿ ಮದುವೆಗೆ ಮುನ್ನ ಮತಾಂತರ: ಹಾಲ್ ಬುಕ್ ಮಾಡುವ ಮೊದಲು ಓದಿ

ಮುಂದಿನ ಜುಲೈನಲ್ಲಿ ನ್ಯೂಜೆರ್ಸಿಯಲ್ಲಿ ಮದುವೆ, ಹುಡುಗ ಯಹೂದಿ, ಅಷ್ಟರೊಳಗೆ ಮತಾಂತರ ಮುಗಿಯುತ್ತದೆಯೇ, ಆಮೇಲೆ ಮೈಸೂರಿನಲ್ಲಿ ಧಾರೆಯೂ ಆಗಬಹುದೇ ಎಂದು ಕೇಳಿದ್ದೀರಿ. ಮೊದಲನೆಯದು ಯಾವ ಪಂಥದ ರಬ್ಬಿ (ಯಹೂದಿ ಧರ್ಮಗುರು) ಎನ್ನುವುದರ ಮೇಲಿದೆ. ಎರಡನೆಯದಕ್ಕೆ ಹೆಚ್ಚಿನ ಕಡೆ ಇಲ್ಲ ಎಂದೇ ಉತ್ತರ. ಹಾಲ್‌ಗೆ ಅಡ್ವಾನ್ಸ್ ಕೊಡಬೇಡಿ, ಮೊದಲು ರಬ್ಬಿಯನ್ನು ಕಾಣಿ.

ಉದಾರ ನಿಲುವಿನ ರಿಫಾರ್ಮ್ ಪಂಥದ ಅನೇಕ ರಬ್ಬಿಗಳು ಮತಾಂತರವಿಲ್ಲದೆಯೂ ಮದುವೆ ಮಾಡಿಸುತ್ತಾರೆ. ನಡುಹಾದಿಯ ಕನ್ಸರ್ವೇಟಿವ್, ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಪಂಥಗಳಲ್ಲಿ ಅದಕ್ಕೆ ಅವಕಾಶವಿಲ್ಲ. ವಧು ನೀವಾದ್ದರಿಂದ ಪ್ರಶ್ನೆ ಮಕ್ಕಳವರೆಗೂ ಹೋಗುತ್ತದೆ. ಹಳೆಯ ನಿಯಮದಂತೆ ತಾಯಿ ಯಹೂದಿಯಾದರೆ ಮಾತ್ರ ಮಗು ಯಹೂದಿ. ತಂದೆಯೊಬ್ಬನೇ ಯಹೂದಿಯಾದರೂ ಮಗು ಯಹೂದಿಯಾಗಿ ಬೆಳೆದರೆ ಸಾಕೆಂದು ಅಮೆರಿಕದ ರಿಫಾರ್ಮ್ ರಬ್ಬಿಗಳು 1983ರಲ್ಲಿ ನಿರ್ಧರಿಸಿದರು. ಉಳಿದೆರಡು ಪಂಥ ಒಪ್ಪಿಲ್ಲ. ಇಸ್ರೇಲಿನ ಮುಖ್ಯ ರಬ್ಬಿ ಕಚೇರಿ ಮದುವೆಯ ವಿಷಯದಲ್ಲಿ ಆರ್ಥೊಡಾಕ್ಸ್ ಮತಾಂತರವನ್ನು ಮಾತ್ರ, ಅದೂ ತಾನು ಮಾನ್ಯ ಮಾಡಿದ ಮಂಡಳಿಯದ್ದನ್ನು, ಒಪ್ಪುತ್ತದೆ. ಯಾರ ಒಪ್ಪಿಗೆ ನಿಮಗೆ ಬೇಕು ಎಂಬುದನ್ನು ಇಬ್ಬರೂ ಕೂತು ಈಗಲೇ ತೀರ್ಮಾನಿಸಿ. ಒಂದು ಪಂಥದಲ್ಲಿ ಮುಗಿಸಿ ಇನ್ನೊಂದಕ್ಕೆ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಬಹುದು.

ಹುಡುಗ ಕೋಹೆನ್, ಅಂದರೆ ಪುರೋಹಿತ ವಂಶದವನೇ ಎಂದೂ ವಿಚಾರಿಸಿ. ಆರ್ಥೊಡಾಕ್ಸ್ ನಿಯಮದಲ್ಲಿ ಕೋಹೆನ್ ಮತಾಂತರಗೊಂಡವಳನ್ನು ಮದುವೆಯಾಗುವಂತಿಲ್ಲ. ಅಡ್ಡಹೆಸರು ನೋಡಿ ಊಹಿಸಬೇಡಿ, ಅವನ ತಂದೆಯನ್ನೇ ಕೇಳಿ. ಎರಡು ವರ್ಷ ಓದಿದ ಮೇಲೆ ಇದು ಗೊತ್ತಾದರೆ ತುಂಬ ನೋವಾಗುತ್ತದೆ.

ರಿಫಾರ್ಮ್‌ನಲ್ಲಿ ನಾಲ್ಕೈದು ತಿಂಗಳ ತರಗತಿ, ಜೊತೆಗೆ ರಬ್ಬಿಯೊಂದಿಗೆ ಭೇಟಿಗಳು. ಒಟ್ಟು ಸುಮಾರು ಒಂದು ವರ್ಷ. ಕನ್ಸರ್ವೇಟಿವ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆರ್ಥೊಡಾಕ್ಸ್‌ನಲ್ಲಿ ಒಂದರಿಂದ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಮುಗಿದ ಮೇಲೂ ವಧು ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕು. ವಾರದ ವಿಶ್ರಾಂತಿ ದಿನವಾದ ಶಬ್ಬತ್‌ನಂದು ಕಾರು ಓಡಿಸುವಂತಿಲ್ಲ, ಹಾಗಾಗಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಲು ಹೇಳುತ್ತಾರೆ. ಬಾಡಿಗೆಯ ಲೆಕ್ಕ ಈಗಲೇ ಹಾಕಿ. ನಮ್ಮ ಆಷಾಢದ ಹಾಗೆ ಅಲ್ಲಿಯೂ ಮದುವೆ ಮಾಡದ ಮೂರು ವಾರಗಳಿವೆ, ಅವು ಬರುವುದು ಹೆಚ್ಚಾಗಿ ಜುಲೈ ಸುತ್ತಮುತ್ತಲೇ.

ಸಸ್ಯಾಹಾರಿಗಳಿಗೆ ಕೋಷರ್, ಅಂದರೆ ಯಹೂದಿ ಆಹಾರ ನಿಯಮ, ಸುಲಭ ಎಂದು ನಮ್ಮವರು ಅಂದುಕೊಳ್ಳುತ್ತಾರೆ. ಮಾಂಸ ಮತ್ತು ಹಾಲಿನ ಪಾತ್ರೆ ಬೇರೆಬೇರೆ ಇಡುವ ಕಷ್ಟವೇನೋ ತಪ್ಪುತ್ತದೆ. ಆದರೆ ಸೊಪ್ಪಿನ ಎಲೆ ಎಲೆಯನ್ನೂ ಹುಳಕ್ಕಾಗಿ ನೋಡಬೇಕು, ಚೀಸ್‌ಗೆ ಕೋಷರ್ ಮುದ್ರೆ ಇರಬೇಕು. ಆರ್ಥೊಡಾಕ್ಸ್ ಮನೆಯಲ್ಲಿ ನಿಮ್ಮ ಅಮ್ಮ ಅಡುಗೆ ಮಾಡುವಾಗ ಒಲೆಯನ್ನಾದರೂ ಯಹೂದಿಯೊಬ್ಬರು ಹಚ್ಚಿರಬೇಕು. ನಿಜವಾದ ಪರೀಕ್ಷೆ ಪಾಸ್‌ಓವರ್ ಹಬ್ಬದ ಎಂಟು ದಿನ. ರವೆ, ಮೈದಾ, ಗೋಧಿಹಿಟ್ಟು ಬೆರೆತ ಇಂಗು ಮನೆಯಲ್ಲೇ ಇರಬಾರದು. ಯುರೋಪ್ ಮೂಲದ ಅಶ್ಕೆನಾಜಿ ಆರ್ಥೊಡಾಕ್ಸ್ ಮನೆಯಾದರೆ ಅಕ್ಕಿ, ಬೇಳೆ, ಸಾಸಿವೆಯೂ ಇಲ್ಲ. ಕನ್ಸರ್ವೇಟಿವ್ ರಬ್ಬಿಗಳ ಸಮಿತಿ 2015ರಲ್ಲಿ ಇವಕ್ಕೆ ಅನುಮತಿ ಕೊಟ್ಟಿದೆ.

ಕೊನೆಯ ಹಂತದಲ್ಲಿ ಮೂವರ ಮಂಡಳಿ, ಬೇಟ್ ದಿನ್, ನಿಮ್ಮನ್ನು ಮಾತನಾಡಿಸುತ್ತದೆ. ಬರೀ ಮದುವೆಗಾಗಿ ಎಂದರೆ ಸಾಂಪ್ರದಾಯಿಕ ರಬ್ಬಿಗಳು ವಾಪಸ್ ಕಳಿಸುತ್ತಾರೆ. ಶಬ್ಬತ್ ಹೇಗೆ ಪಾಲಿಸುತ್ತೀರಿ ಎಂದು ನಿಜವಾಗಿ ಹೇಳಲು ಬರಬೇಕು. ನಂತರ ಶುದ್ಧಿಸ್ನಾನದ ಕೊಳವಾದ ಮಿಕ್ವೆಯ ನೀರಿನಲ್ಲಿ ಮುಳುಗುವುದು. ಮೈಗೂ ನೀರಿಗೂ ನಡುವೆ ಏನೂ ಇರಬಾರದು: ಮೂಗುತಿ, ಕಾಲುಂಗುರ, ಸ್ಟಿಕ್ಕರ್ ಬೊಟ್ಟು, ಉಗುರು ಬಣ್ಣ, ಕಾಂಟ್ಯಾಕ್ಟ್ ಲೆನ್ಸ್ ಎಲ್ಲ ತೆಗೆಯಬೇಕು. ವರ್ಷಗಟ್ಟಲೆ ತೆಗೆಯದ ಮೂಗುತಿ ಅಲ್ಲಿ ಹೋಗಿ ಬಿಚ್ಚಲು ಬರುವುದಿಲ್ಲ, ವಾರ ಮೊದಲೇ ಅಕ್ಕಸಾಲಿಗನ ಹತ್ತಿರ ಸಡಿಲಿಸಿಕೊಳ್ಳಿ. ಒಂದು ಕೂದಲೆಳೆ ತೇಲಿದರೂ ಮತ್ತೆ ಮುಳುಗಿಸುತ್ತಾರೆ.

ಇನ್ನು ಧಾರೆ. ಅವರ ಧರ್ಮದಲ್ಲಿ ಬೇರೆ ದೇವರ ಪೂಜೆ ಮೂಲದಲ್ಲೇ ನಿಷಿದ್ಧ. ಗಣಪತಿ ಪೂಜೆ, ಹೋಮ, ಸಪ್ತಪದಿ ಮಾಡಿಸಿಕೊಂಡರೆ ಮತಾಂತರದ ಪ್ರಾಮಾಣಿಕತೆಯನ್ನೇ ಪ್ರಶ್ನಿಸಬಹುದು. ರೇಷ್ಮೆ ಸೀರೆ, ಮೆಹಂದಿ, ಬಾಳೆಎಲೆ ಊಟದ ಆರತಕ್ಷತೆಗೆ ಅಡ್ಡಿಯಿಲ್ಲ. ಮನೆಯವರಿಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಿ. ಛತ್ರ ಗೊತ್ತು ಮಾಡಿದ ಮೇಲೆ ಹೇಳುವುದು ಅವರಿಗೆ ಮಾಡುವ ಅನ್ಯಾಯ.

ಆಸ್ತಿಯ ವಿಷಯವೂ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನ ಪ್ರಕಾರ, ಮತಾಂತರದ ನಂತರ ಹುಟ್ಟುವ ಮಕ್ಕಳು ಉತ್ತರಾಧಿಕಾರ ತೆರೆಯುವ, ಅಂದರೆ ಆಸ್ತಿಯ ಒಡೆಯರು ತೀರಿಕೊಳ್ಳುವ, ಹೊತ್ತಿಗೆ ಹಿಂದೂಗಳಾಗಿರದಿದ್ದರೆ ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಲ್ಲ. ಮೊಮ್ಮಕ್ಕಳಿಗೆ ಏನಾದರೂ ಕೊಡುವ ಮನಸ್ಸು ಅಪ್ಪನಿಗಿದ್ದರೆ ಉಯಿಲು ಬರೆಯಲಿ.