ಅನ್ಯಗ್ರಹ ನಾಗರಿಕತೆಗಳ ಲೆಕ್ಕ: ತರ್ಕವೋ ವಿಜ್ಞಾನವೋ?

ಪ್ರಶ್ನೆ: ಡ್ರೇಕ್ ಸಮೀಕರಣ ಇಟ್ಟುಕೊಂಡು, ನಮ್ಮ ಆಕಾಶಗಂಗೆಯಲ್ಲಿ ಸಾವಿರಾರು ನಾಗರಿಕತೆಗಳಿವೆ ಎಂದು ಒಬ್ಬ ವಿಜ್ಞಾನಿ ಹೇಳುತ್ತಾರೆ. ಇರುವುದು ನಾವೊಬ್ಬರೇ ಎಂದು ಇನ್ನೊಬ್ಬರು. ಇದೆಲ್ಲ ಬರೀ ತರ್ಕ, ವಿಜ್ಞಾನವೇ ಅಲ್ಲ ಎನ್ನುತ್ತಾನೆ ನನ್ನ ಗೆಳೆಯ. ಅವನು ಹೇಳುವುದು ಸರಿಯೇ?

ಉತ್ತರ: ಅರ್ಧ ಸರಿ. ಆ ಅರ್ಧ ಯಾವುದು ಅನ್ನೋದೇ ಇಲ್ಲಿ ಮುಖ್ಯ.

1961ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೊ ವೀಕ್ಷಣಾಲಯದಲ್ಲಿ, ಅನ್ಯಗ್ರಹ ನಾಗರಿಕತೆಗಳ ಹುಡುಕಾಟದ ಬಗ್ಗೆ ಒಂದು ಸಣ್ಣ ಸಭೆ ನಡೆಯಿತು. ಅದರಲ್ಲಿ ಏನೇನು ಚರ್ಚೆಯಾಗಬೇಕು ಎಂದು ಪಟ್ಟಿ ಮಾಡಲು ಕೂತ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್, ಆ ಪಟ್ಟಿಯನ್ನೇ ಒಂದು ಗುಣಾಕಾರವಾಗಿ ಬರೆದರು. ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತವೆ, ಅವುಗಳಲ್ಲಿ ಎಷ್ಟಕ್ಕೆ ಗ್ರಹಗಳಿವೆ, ಅಂಥ ಒಂದೊಂದು ನಕ್ಷತ್ರಕ್ಕೆ ಜೀವಕ್ಕೆ ಒಗ್ಗುವ ಗ್ರಹ ಎಷ್ಟು, ಅವುಗಳಲ್ಲಿ ಎಷ್ಟರಲ್ಲಿ ನಿಜವಾಗಿ ಜೀವ ಹುಟ್ಟುತ್ತದೆ, ಅದರಲ್ಲಿ ಎಷ್ಟು ಕಡೆ ಬುದ್ಧಿ ಬೆಳೆಯುತ್ತದೆ, ಎಷ್ಟು ಕಡೆ ರೇಡಿಯೊದಂಥ ತಂತ್ರಜ್ಞಾನ ಬರುತ್ತದೆ, ಕೊನೆಗೆ ಅಂಥ ನಾಗರಿಕತೆ ಎಷ್ಟು ವರ್ಷ ಬಾಳುತ್ತದೆ. ಏಳು ಸಂಖ್ಯೆ, ಅಷ್ಟೇ. ಗುಣಿಸಿದರೆ, ನಮ್ಮ ಆಕಾಶಗಂಗೆಯಲ್ಲಿ ಈಗ ಅಂಥ ನಾಗರಿಕತೆಗಳು ಎಷ್ಟಿವೆ ಎಂಬ ಉತ್ತರ. ಇದೇ ಡ್ರೇಕ್ ಸಮೀಕರಣ.

ಈ ಗುಣಾಕಾರದಲ್ಲಿ ತಪ್ಪಿಲ್ಲ. ಅಷ್ಟರ ಮಟ್ಟಿಗೆ ಅದು ತರ್ಕ, ಅದೂ ಗಟ್ಟಿ ತರ್ಕ. ಆದರೆ ತರ್ಕ ಹೇಳುವುದು ಒಂದೇ: ಈ ಏಳೂ ನಿಜವಾದರೆ ಉತ್ತರವೂ ನಿಜ. ಆ ಏಳು ಎಲ್ಲಿಂದ ಬಂದವು ಅಂತ ಅದು ಹೇಳುವುದಿಲ್ಲ.

ನೀವೇ ಪೆನ್ನು ಹಿಡಿದು ನೋಡಿ. ವರ್ಷಕ್ಕೆ 2 ನಕ್ಷತ್ರ. ಎಲ್ಲಕ್ಕೂ ಗ್ರಹಗಳಿವೆ, ಹಾಗಾಗಿ 1. ಒಗ್ಗುವ ಗ್ರಹ ಐದು ನಕ್ಷತ್ರಕ್ಕೊಂದು, ಅಂದರೆ 0.2. ಜೀವ ಖಂಡಿತ ಹುಟ್ಟುತ್ತದೆ, 1. ಬುದ್ಧಿಯೂ ಖಂಡಿತ, 1. ತಂತ್ರಜ್ಞಾನ ಹತ್ತರಲ್ಲಿ ಒಂದು ಕಡೆ, 0.1. ಬಾಳಿಕೆ 10,000 ವರ್ಷ. ಉತ್ತರ 400 ನಾಗರಿಕತೆ. ಈಗ ನಾಲ್ಕನೆಯದನ್ನು ಮಾತ್ರ ಬದಲಿಸಿ, ಜೀವ ಹುಟ್ಟುವುದು ಹತ್ತು ಲಕ್ಷ ಗ್ರಹಗಳಲ್ಲಿ ಒಂದರಲ್ಲಿ ಅನ್ನಿ. ಉತ್ತರ 0.0004. ಅಂದರೆ ಹೆಚ್ಚುಕಡಿಮೆ ಯಾರೂ ಇಲ್ಲ. ಎರಡು ಲೆಕ್ಕದಲ್ಲೂ ತರ್ಕ ಎಡವಿಲ್ಲ, ಆ ಒಂದು ಸಂಖ್ಯೆಯನ್ನು ಮಾತ್ರ ನಾವು ಸುಮ್ನೆ ಊಹಿಸಿದೆವು. ನೀವು ಹೇಳಿದ ಇಬ್ಬರು ವಿಜ್ಞಾನಿಗಳ ಜಗಳವೂ ಬಹುಪಾಲು ಇಲ್ಲೇ ಇರುವುದು.

ಗೆಳೆಯ ತಪ್ಪಿದ್ದು ಎಲ್ಲಿ ಅಂದರೆ, ಏಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಲ್ಲಿ. 1961ರಲ್ಲಿ ಸೌರಮಂಡಲದ ಆಚೆ ಒಂದೇ ಒಂದು ಗ್ರಹವೂ ಗೊತ್ತಿರಲಿಲ್ಲ, ಎರಡನೆಯ ಸಂಖ್ಯೆಯೂ ಆಗ ಊಹೆಯೇ. 1995ರಲ್ಲಿ ಮೇಯರ್ ಮತ್ತು ಕ್ವೆಲೋಜ್ ಎಂಬ ಖಗೋಳ ವಿಜ್ಞಾನಿಗಳು ಸೂರ್ಯನಂಥ ನಕ್ಷತ್ರವೊಂದರ ಸುತ್ತ ಗ್ರಹ ಕಂಡುಹಿಡಿದರು. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ, ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಎಷ್ಟು ಮಂಕಾಗುತ್ತದೆ ಎಂದು ಅಳೆದು 2,600ಕ್ಕೂ ಜಾಸ್ತಿ ಗ್ರಹಗಳನ್ನು ಕೊಟ್ಟಿತು. ನಕ್ಷತ್ರಗಳಿಗೆ ಗ್ರಹ ಇರುವುದು ಮಾಮೂಲಿ ಸಂಗತಿ ಎಂದು ಈಗ ಧೈರ್ಯವಾಗಿ ಹೇಳಬಹುದು. ನೆನೆದರೆ ಈಗಲೂ ನನಗೆ ಮೈ ಜುಮ್ ಎನ್ನುತ್ತದೆ. ಊಹೆಯಾಗಿದ್ದ ಒಂದು ಸಂಖ್ಯೆ ನಮ್ಮ ಕಣ್ಣೆದುರೇ ಅಳತೆಯಾಯಿತು ಅಲ್ವಾ! ಮೊದಲ ಎರಡು ಈಗ ವಿಜ್ಞಾನ. ಮೂರನೆಯದು ಹೊಸ್ತಿಲಲ್ಲಿದೆ. ಉಳಿದ ನಾಲ್ಕು ಇನ್ನೂ ಊಹೆ.

2018ರಲ್ಲಿ ಆಕ್ಸ್‌ಫರ್ಡ್‌ನ ಸ್ಯಾಂಡ್‌ಬರ್ಗ್, ಡ್ರೆಕ್ಸ್ಲರ್, ಆರ್ಡ್ ಎಂಬ ಮೂವರು ಸಂಶೋಧಕರು ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿ ತೋರಿಸಿದರು. ಪ್ರತಿ ಅಂಶಕ್ಕೂ ಒಂದೊಂದು ಸಂಖ್ಯೆ ಆರಿಸುವ ಬದಲು, ಇಷ್ಟರಿಂದ ಇಷ್ಟರವರೆಗೆ ಇರಬಹುದು ಎಂದು ಪೂರಾ ವ್ಯಾಪ್ತಿಯನ್ನೇ ಇಟ್ಟು ಲೆಕ್ಕ ಹಾಕಿದರು. ಆಗ, ನಾವು ಒಂಟಿಯಾಗಿರುವ ಸಾಧ್ಯತೆ ಸಣ್ಣದೇನಲ್ಲ ಎಂದು ತಿಳಿಯಿತು. ಈ ವಿಷಯದಲ್ಲಿ ನಾನು ಓದಿದ ಅತ್ಯಂತ ಒಳ್ಳೆಯ ಕೆಲಸ ಇದು.

ಪ್ರಶ್ನೆ: ಭೂಮಿಯಲ್ಲಿ ಜೀವ ಬೇಗನೇ ಹುಟ್ಟಿತಲ್ಲ, ಹಾಗಾದರೆ ಅದು ಸುಲಭ ಎಂದಾಯಿತಲ್ಲವೇ? ಇಷ್ಟೊಂದು ನಕ್ಷತ್ರಗಳಿರುವಾಗ ಎಲ್ಲೋ ಒಂದು ಕಡೆ ಯಾರಾದರೂ ಇರಲೇಬೇಕಲ್ಲ?

ಉತ್ತರ: ಭೂಮಿಗೆ ಸುಮಾರು 454 ಕೋಟಿ ವರ್ಷ. ಸುಮಾರು 350 ಕೋಟಿ ವರ್ಷ ಹಿಂದಿನ ಬಂಡೆಗಳಲ್ಲೇ ಜೀವದ ಗುರುತು ಇದೆ. ಬೇಗ ಹುಟ್ಟಿದ್ದು ನಿಜ. ಆದರೆ ಆಮೇಲೆ ಪ್ರಶ್ನೆ ಕೇಳುವ ಪ್ರಾಣಿ ಬರಲು ಇನ್ನೂ 350 ಕೋಟಿ ವರ್ಷ ಬೇಕಾಯಿತು. ಎಲ್ಲ ಕಡೆಯೂ ಅಷ್ಟೇ ಹೊತ್ತು ಹಿಡಿಯುವುದಾದರೆ, ತಡವಾಗಿ ಜೀವ ಹುಟ್ಟಿದ ಗ್ರಹದಲ್ಲಿ ವಯಸ್ಸಾದಂತೆ ಪ್ರಖರವಾಗುವ ನಕ್ಷತ್ರ ಆ ಗ್ರಹವನ್ನು ಸುಡುವ ಮೊದಲು ಯಾರೂ ಬಂದು ಕೇಳುವುದೇ ಇಲ್ಲ. ಸಭೆಗೆ ಬಂದು ಕೂತವರನ್ನು ಮಾತ್ರ ಬಸ್ ಸಿಕ್ಕಿತಾ ಅಂತ ಕೇಳಿದ ಹಾಗೆ. ಎಲ್ಲರೂ ಸಿಕ್ಕಿತು ಅಂತಾರೆ, ಸಿಗದವರು ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಇಲ್ಲಿ ಬೇಗ ಹುಟ್ಟಿತು ಎಂದ ಮಾತ್ರಕ್ಕೆ ಸುಲಭ ಎನ್ನಲಾಗದು. ನಮ್ಮ ಹತ್ತಿರ ಇರುವುದು ಒಂದೇ ಉದಾಹರಣೆ, ಆ ಉದಾಹರಣೆಯೂ ನಾವೇ.

ನಕ್ಷತ್ರಗಳ ಲೆಕ್ಕಕ್ಕೆ ಬಂದರೆ, ಆಕಾಶಗಂಗೆಯಲ್ಲಿ ಅವು 10,000 ಕೋಟಿಯಿಂದ 40,000 ಕೋಟಿ ಇರಬಹುದು. ದೊಡ್ಡ ಸಂಖ್ಯೆಯೇ. ಆದರೆ ಒಂದು ಇಸ್ಪೀಟು ಕಟ್ಟು ಕೈಗೆ ತಗೊಳ್ಳಿ. ಅದರ 52 ಎಲೆಗಳನ್ನು ಜೋಡಿಸುವ ವಿಧಾನಗಳ ಸಂಖ್ಯೆ ಬರೆಯಲು 68 ಅಂಕಿ ಬೇಕು. ನಮಗೆ ಕಾಣುವ ಇಡೀ ವಿಶ್ವದ ನಕ್ಷತ್ರಗಳನ್ನು ಎಣಿಸಿ ಬರೆಯಲು 25 ಅಂಕಿ ಸಾಕು. ಜೀವ ಹುಟ್ಟುವುದು, ಕಟ್ಟನ್ನು ಕಲಸಿದಾಗ ನಾವು ಮೊದಲೇ ಹೇಳಿದ ಒಂದು ಜೋಡಣೆಯೇ ಬರುವಷ್ಟು ಅಪರೂಪ ಎನ್ನುತ್ತಿಲ್ಲ ನಾನು. ಆದರೆ ಜಾಗ ಜಾಸ್ತಿ ಇದೆ ಎಂದ ಮಾತ್ರಕ್ಕೆ ‘ಇರಲೇಬೇಕು’ ಎನ್ನಲು ಆಗುವುದಿಲ್ಲ.

ಪ್ರಶ್ನೆ: ಹಾಗಾದರೆ ರೇಡಿಯೊ ದೂರದರ್ಶಕ ಇಟ್ಟು ಕೇಳುತ್ತಾ ಕೂರುವುದು ದಂಡವೇ?

ಉತ್ತರ: ಖಂಡಿತ ಅಲ್ಲ. 1960ರಲ್ಲಿ ಡ್ರೇಕ್ 26 ಮೀಟರ್ ಅಗಲದ ದೂರದರ್ಶಕವನ್ನು ಎರಡು ಹತ್ತಿರದ ನಕ್ಷತ್ರಗಳತ್ತ ತಿರುಗಿಸಿ, ಬಾಹ್ಯಾಕಾಶದ ಹೈಡ್ರೋಜನ್ ತಾನಾಗಿ ಹೊರಸೂಸುವ 1,420 ಮೆಗಾಹರ್ಟ್ಸ್ ರೇಡಿಯೊ ತರಂಗದ ಸುತ್ತಮುತ್ತ ಕಿವಿಗೊಟ್ಟರು. ಏನೂ ಸಿಗಲಿಲ್ಲ. ಆದರೆ ಆ ‘ಇಲ್ಲ’ಕ್ಕೆ ಬೆಲೆ ಇದೆ: ಆ ನಕ್ಷತ್ರಗಳಿಂದ, ಆ ತರಂಗದಲ್ಲಿ, ಆ ದಿನಗಳಲ್ಲಿ, ಅವರ ಸಲಕರಣೆಗೆ ಕೇಳಿಸುವಷ್ಟು ಜೋರಾದ ದನಿ ಬರಲಿಲ್ಲ. ಅದು ಅಳತೆ, ಹಾಗಾಗಿ ವಿಜ್ಞಾನ. ಇಂಥ ‘ಇಲ್ಲ’ಗಳು ಇನ್ನೂ ಬಹಳ ಕಡಿಮೆ.

ನಾಲ್ಕನೆಯ ಸಂಖ್ಯೆಗೆ, ಅಂದರೆ ಎಷ್ಟು ಗ್ರಹಗಳಲ್ಲಿ ಜೀವ ಹುಟ್ಟುತ್ತದೆ ಎಂಬುದಕ್ಕೆ ಮಾತ್ರ ಬೇರೆ ದಾರಿ ಬೇಕು. ಭೂಮಿಯ ಜೀವಕ್ಕೆ ಯಾವ ನಂಟೂ ಇಲ್ಲದ ಒಂದೇ ಒಂದು ಸೂಕ್ಷ್ಮಜೀವಿ ಬೇರೆಡೆ ಸಿಕ್ಕಿದರೆ ಸಾಕು, ಜೀವ ಹುಟ್ಟುವುದು ತೀರಾ ಅಪರೂಪವಲ್ಲ ಎಂಬ ಊಹೆ ಗಟ್ಟಿಯಾಗುತ್ತದೆ. ಮಂಗಳದಲ್ಲಿ ಸಿಕ್ಕಿದರೆ ಅದು ನಮ್ಮ ನೆಂಟನೇ ಇರಬಹುದು, ಯಾಕಂದರೆ ಅಲ್ಲಿಂದ ಸಿಡಿದ ಕಲ್ಲುಗಳು ಇಲ್ಲಿಗೆ ಬಂದು ಬಿದ್ದಿವೆ. ಅದಕ್ಕೇ ನನ್ನ ಕಣ್ಣು ಗುರುವಿನ ಚಂದ್ರ ಯೂರೋಪಾದ ಮೇಲೆ. ಅದರ ಮಂಜುಗಡ್ಡೆಯ ಹೊದಿಕೆಯ ಕೆಳಗೆ ಉಪ್ಪುನೀರಿನ ಸಾಗರ ಇದೆ ಎನ್ನಲು ಬಲವಾದ ಸುಳಿವುಗಳಿವೆ. 2024ರ ಅಕ್ಟೋಬರ್‌ನಲ್ಲಿ ಹೊರಟ ನಾಸಾದ ಯೂರೋಪಾ ಕ್ಲಿಪ್ಪರ್ ನೌಕೆ ಗುರುವನ್ನು ತಲುಪುವುದು 2030ಕ್ಕೆ. ಅದು ಜೀವವನ್ನೇ ಹುಡುಕಲು ಹೋಗುತ್ತಿಲ್ಲ, ಆ ಜಾಗ ಜೀವಕ್ಕೆ ಒಗ್ಗುತ್ತದೆಯೇ ಎಂದು ನೋಡಲು ಹೋಗುತ್ತಿದೆ. ಅಂದರೆ ಮೂರನೆಯ ಸಂಖ್ಯೆಯ ಕೆಲಸ.