ಉಪವಾಸ ಮಾಡಿದರೆ ಮಿದುಳಿನ ಗಂಟು ಕರಗುತ್ತದೆಯೇ?

"ಜೀವಕೋಶಗಳು ತಮ್ಮೊಳಗಿನ ಕಸವನ್ನು ತಾವೇ ತಿಂದು ಚೊಕ್ಕಟವಾಗುತ್ತವೆ, ಹಸಿದಾಗ ಈ ಕೆಲಸ ಜೋರಾಗುತ್ತದೆ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ನಮ್ಮ ತಂದೆಗೆ 71 ವರ್ಷ. ಪಾರ್ಕಿನ್ಸನ್ ಬಂದು ಆರು ವರ್ಷವಾಯಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿಯುತ್ತದೆ. ಏಕಾದಶಿಯ ಜೊತೆಗೆ ವಾರಕ್ಕೆರಡು ದಿನ ನಿರಾಹಾರ ಮಾಡಿಸಿದರೆ ಮಿದುಳಿನ ಪ್ರೋಟೀನ್ ಗಂಟುಗಳು ಕರಗಬಹುದೇ?"
— ಓದುಗರೊಬ್ಬರು, ತಿಪಟೂರು

ದಯವಿಟ್ಟು ತಂದೆಯವರನ್ನು ಉಪವಾಸ ಕೆಡವಬೇಡಿ. ಈ ಕಾಯಿಲೆಯಲ್ಲಿ ತೂಕ ತಾನಾಗಿಯೇ ಇಳಿಯುವುದುಂಟು, ಎದ್ದು ನಿಂತಾಗ ರಕ್ತದೊತ್ತಡ ಕುಸಿದು ಬೀಳುವುದೂ ಉಂಟು. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ನುಂಗುತ್ತಿದ್ದರೆ ಅದರ ಹೊತ್ತಿಗೂ ಊಟದ ಹೊತ್ತಿಗೂ ಹೊಂದಾಣಿಕೆ ಇರಬೇಕು. ನರರೋಗ ತಜ್ಞರನ್ನು ಕೇಳದೆ ಇದನ್ನು ಬದಲಿಸುವಂತಿಲ್ಲ. ಹಸಿವಿನ ಬಗ್ಗೆ ಒಂದೇ ಸಾಲು ಬರೆದು ಬಿಡಿಸಿ ಹೇಳದೆ ಹೋದದ್ದು ನಮ್ಮ ತಪ್ಪು. ಈಗ ಹೇಳುತ್ತೇನೆ.

ಕೆಟ್ಟ ಪ್ರೋಟೀನನ್ನು ಹೊರಹಾಕಲು ಕೋಶಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಆ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟುತ್ತದೆ, ಪ್ರೋಟಿಯಸೋಮ್ ಎಂಬ ಪುಟ್ಟ ಪೀಪಾಯಿ ಅದನ್ನು ಚೂರು ಮಾಡುತ್ತದೆ. ಆದರೆ ಪೀಪಾಯಿಯ ಬಾಯಿ ಬಹಳ ಕಿರಿದು. ಪ್ರೋಟೀನನ್ನು ದಾರದಂತೆ ಬಿಡಿಸಿದರೆ ಮಾತ್ರ ಒಳಗೆ ಹೋಗುತ್ತದೆ. ಪಾರ್ಕಿನ್ಸನ್‌ನಲ್ಲಿ ಕಾಣುವ, ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನಿನ ಗಂಟು ಸಿಕ್ಕುಬಿದ್ದ ನೂಲಿನುಂಡೆಯಂತೆ. ಎಳೆಯೋಣವೆಂದರೆ ತುದಿಯೇ ಸಿಗದು.

ಆಗ ಎರಡನೆಯ ದಾರಿ, ಆಟೊಫಜಿ. ಕೋಶ ತನ್ನ ಕಸವನ್ನು ತಾನೇ ತಿನ್ನುತ್ತದೆ ಎಂದು ಬರೆದಿದ್ದೆವಲ್ಲ, ಅದೇ ಇದು. ಪಿ62ರಂಥ ಪ್ರೋಟೀನುಗಳು ಒಂದು ಕೈಯಲ್ಲಿ ಗಂಟಿನ ಮೇಲಿನ ಚೀಟಿಯನ್ನೂ ಇನ್ನೊಂದು ಕೈಯಲ್ಲಿ ಬೆಳೆಯುತ್ತಿರುವ ಪೊರೆಯನ್ನೂ ಹಿಡಿದುಕೊಳ್ಳುತ್ತವೆ. ಎರಡು ಪದರದ ಆ ಪೊರೆ ಗಂಟನ್ನು ಸುತ್ತಿ ಮೂಟೆ ಕಟ್ಟುತ್ತದೆ. ಮೂಟೆ ಲೈಸೋಸೋಮ್ ಎಂಬ ಕೋಶದ ಅರಗಿಸುವ ಚೀಲವನ್ನು ಸೇರಿದ ಮೇಲೆ ಅಲ್ಲಿನ ಕಿಣ್ವಗಳು ಒಳಗಿದ್ದದ್ದನ್ನು ಅರಗಿಸುತ್ತವೆ. ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಇದನ್ನು ಕಣ್ಣಾರೆ ಕಂಡದ್ದು ಯೀಸ್ಟಿನಲ್ಲಿ, ಬನ್ನಿನ ಹಿಟ್ಟು ಉಬ್ಬಿಸುವ ಅದೇ ಯೀಸ್ಟಿನಲ್ಲಿ. ಅರಗಿಸುವ ಕಿಣ್ವಗಳಿಲ್ಲದ ಯೀಸ್ಟನ್ನು ಅವರು ಹಸಿವಿಗೆ ಕೆಡವಿದರು. ಕೆಲವೇ ಗಂಟೆಗಳಲ್ಲಿ ಅದರ ಹೊಟ್ಟೆಯಂಥ ಕೋಣೆಯ ತುಂಬ ಅರಗದ ಮೂಟೆಗಳು ಪುಟುಪುಟು ಕುಣಿಯುತ್ತಿದ್ದವು. ಈ ಕೆಲಸಕ್ಕೆ 2016ರಲ್ಲಿ ನೊಬೆಲ್ ಬಂತು. 'ಹಸಿವು' ಎಂಬ ಮಾತು ಎಲ್ಲರ ಬಾಯಿಗೆ ಬಿದ್ದದ್ದೂ ಆಗಲೇ.

ಆದರೆ ಯೀಸ್ಟಿನ ಹಸಿವು ಬೇರೆ, ಮಿದುಳಿನದು ಬೇರೆ. ದೇಹ ಹಸಿದಾಗಲೂ ಮಿದುಳಿಗೆ ಆದಷ್ಟು ಆಹಾರ ಮುಟ್ಟಿಸಲು ಉಳಿದ ಅಂಗಗಳು ದುಡಿಯುತ್ತವೆ. ಇಲಿಗಳನ್ನು ಉಪವಾಸವಿಟ್ಟು ನೋಡಿದಾಗ ಪಿತ್ತಜನಕಾಂಗದಲ್ಲಿ ಆಟೊಫಜಿ ಏರಿದ್ದು ಸ್ಪಷ್ಟ. ಮಿದುಳಿನ ವಿಷಯದಲ್ಲಿ ಒಂದು ಪ್ರಯೋಗ ಹೌದೆಂದರೆ ಇನ್ನೊಂದು ಇಲ್ಲವೆಂದಿದೆ.

ನನ್ನ ಮನಸ್ಸಿನಲ್ಲಿ ಉಳಿದಿರುವುದು 2006ರ ಕೆಲಸ. ಜಪಾನಿನ ಎರಡು ತಂಡಗಳು ಇಲಿಯ ನರಕೋಶಗಳಿಂದ ಆಟೊಫಜಿಗೆ ಬೇಕಾದ ಒಂದೊಂದು ಜೀನನ್ನು ತೆಗೆದವು. ರೋಗದ ಯಾವ ಪ್ರೋಟೀನನ್ನೂ ಸೇರಿಸಲಿಲ್ಲ. ಆದರೂ ಕೋಶಗಳಲ್ಲಿ ಗಂಟುಗಳು ಬೆಳೆದವು, ಇಲಿಗಳ ನಡಿಗೆ ತಪ್ಪಿತು. ಬೇರೆ ಕೋಶಗಳಾದರೆ ಒಡೆದು ಎರಡಾಗುವಾಗ ಕಸವೂ ಹಂಚಿಹೋಗುತ್ತದೆ. ನರಕೋಶ ಒಡೆಯುವುದಿಲ್ಲ. ಹೊಟ್ಟೆ ತುಂಬಿದ್ದ ದಿನವೂ ಅಲ್ಲಿ ಕಸ ಗುಡಿಸುವುದು ನಡೆಯುತ್ತಲೇ ಇರಬೇಕು.

ಇನ್ನೊಂದು ತೊಡಕಿದೆ. ಜಿಬಿಎ1 ಜೀನಿನಲ್ಲಿ ದೋಷವಿದ್ದವರಿಗೆ ಪಾರ್ಕಿನ್ಸನ್ ಬರುವ ಸಾಧ್ಯತೆ ಹೆಚ್ಚು. ಈ ಜೀನ್ ಮಾಡಿಸುವುದು ಲೈಸೋಸೋಮಿನ ಒಂದು ಕಿಣ್ವವನ್ನು. ಅಂದರೆ ಮೂಟೆ ಕಟ್ಟುವ ಕಡೆ ಕೊರತೆಯಿಲ್ಲದೆಯೂ ಅರಗಿಸುವ ಕಡೆ ಕೆಲಸ ಕುಂಟಬಹುದು. ಅಂಥಲ್ಲಿಗೆ ಇನ್ನಷ್ಟು ಮೂಟೆ ಕಳಿಸಿ ಏನು ಬಂತು?

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ 6-ಬಯೊ ಎಂಬ ಸಣ್ಣ ಅಣುವೊಂದು ಆಟೊಫಜಿಯನ್ನು ಚುರುಕುಗೊಳಿಸಿ ಆಲ್ಫಾ-ಸಿನ್ಯೂಕ್ಲೀನ್ ಗಂಟುಗಳನ್ನು ತಗ್ಗಿಸುವುದನ್ನು ಯೀಸ್ಟಿನಲ್ಲಿ, ಆಮೇಲೆ ಇಲಿಗಳಲ್ಲಿ ತೋರಿಸಿದೆ. ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಇಲಿಯಿಂದ ಮನುಷ್ಯರಿಗೆ ಬರುವ ಹಾದಿ ಉದ್ದ. ನಿಮ್ಮ ತಂದೆಯವರಿಗೆ ಈಗಲೇ ಕೊಡುವಂಥ ಮಾತ್ರೆಯಲ್ಲ ಅದು.

ಏಕಾದಶಿ ಅವರ ಮನಸ್ಸಿನ ವ್ರತವಾದರೆ ಫಲಾಹಾರ ಎಷ್ಟು, ಮಾತ್ರೆ ಯಾವಾಗ ಎಂದು ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಅಂಗಿಗಳನ್ನು ದರ್ಜಿಯ ಹತ್ತಿರ ಒಯ್ದು ಗುಂಡಿಯ ಜಾಗದಲ್ಲಿ ವೆಲ್ಕ್ರೋ ಪಟ್ಟಿ ಹೊಲಿಸಿ. ಗುಂಡಿಗಳನ್ನು ಮೇಲೆ ಹಾಗೆಯೇ ಉಳಿಸಲು ಹೇಳಿ. ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಅವರು ತಾವೇ ಅಂಗಿ ಹಾಕಿಕೊಳ್ಳಬಹುದು.