ಬಜ್ಪೆಯಿಂದ ಬೆಂಗಳೂರಿಗೆ ಎಷ್ಟು ಹೊತ್ತು?
ಉಡುಪಿಯಿಂದ ಅಮ್ಮನನ್ನು ವಿಮಾನದಲ್ಲಿ ಬೆಂಗಳೂರಿಗೆ ಕಳಿಸಬೇಕು, ದೂರ ಎಷ್ಟು, ಎಷ್ಟು ಹೊತ್ತು ಬೇಕು ಅಂತ ಕೇಳಿದ್ದೀರಿ. ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು 300 ಕಿಲೋಮೀಟರ್. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತಿದ್ದರೂ ಹಾರುವುದು ಮುಕ್ಕಾಲು ಗಂಟೆಯಷ್ಟೇ. ಘಟ್ಟ ದಾಟಿ ಸ್ವಲ್ಪ ಹೊತ್ತಿಗೆ ಇಳಿಯಲು ಶುರು.

ಜಾಸ್ತಿ ಹೊತ್ತು ಹೋಗುವುದು ನೆಲದ ಮೇಲೆ. ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾರಿಯಲ್ಲಿ ಬಜ್ಪೆಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ದೇವನಹಳ್ಳಿಯಲ್ಲಿ ಇಳಿದ ಮೇಲೆ ಮೆಜೆಸ್ಟಿಕ್‌ಗೆ ಇನ್ನೂ 35 ಕಿಲೋಮೀಟರ್. ವಾಯುವಜ್ರ ಬಸ್ಸಿದೆ, ಆದರೆ ಸಂಜೆ ಹೆಬ್ಬಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯಿಂದ ಮನೆಗೆ ಆರು ಗಂಟೆ ಅಂತಲೇ ಲೆಕ್ಕ ಹಾಕಿ.

ಮಳೆಗಾಲ ಅಲ್ವಾ? ಗುಡ್ಡದ ಮೇಲಿನ ರನ್‌ವೇಗೆ ಮೋಡ ಕವಿದರೆ ವಿಮಾನ ತಡವಾಗುತ್ತದೆ. ಮಂಡಿನೋವಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ. ನನ್ನ ಅಮ್ಮನಿಗೆ ಅದರಿಂದ ತುಂಬಾ ಸಲೀಸಾಯಿತು.